ಮೂರು ಮಿನಿಟಿನ ಮೋಶೆ

ಬೆಂಚನ್ನು ಹೊರಗೆ ಎತ್ತಿಡದೆ ಪೆಟ್ಟಿಗೆ ಒಳಗೆ ಬರುವಂತಿರಲಿಲ್ಲ. ಭಾಲ್ಕಿಯ ಆ ಮನೆಯ ಮುಂದಿನ ಕೋಣೆಯೇ ಮೋಶೆಯ ಅಂಗಡಿ. ಗೋಡೆಯಿಂದ ಗೋಡೆಗೆ ಮುಟ್ಟಿದ ಬೆಂಚು. ಅದರ ಮೇಲೆ ಬೋರ್‌ವೆಲ್ ಮೋಟಾರುಗಳ ಸ್ಟಾರ್ಟರ್ ಡಬ್ಬಿಗಳು, ಅವುಗಳೊಳಗಿಂದ ಬಿಚ್ಚಿದ ಹಸಿರು ಕಾರ್ಡುಗಳು, ಮೀಟರು, ತಣ್ಣಗಾದ ಸೋಲ್ಡರಿಂಗ್ ಕಡ್ಡಿ. ಮೋಶೆಯ ತಮ್ಮ ಲೂಕ ಒಂದು ತುದಿ ಹಿಡಿದ. ಇನ್ನೊಂದು ತುದಿಗೆ ಒಬ್ಬರು ಬೇಕಿತ್ತು. ಓಣಿಯಲ್ಲಿ ಮುದುಕರಷ್ಟೇ ಉಳಿದಿದ್ದರು. ಲಾತೂರಿಗೆ ರೈಲಿನಲ್ಲಿ ನೀರು ಹೋದ ಬೇಸಿಗೆ ಅದು. ತೋಳಿನಲ್ಲಿ ಕಸುವಿದ್ದವರು ಪುಣೆಗೋ ಹೈದರಾಬಾದಿಗೋ ಕೆಲಸ ಹುಡುಕಿಕೊಂಡು ಹೋಗಿದ್ದರು.

"ವೈನಿ, ನೀವು ಬಿಡ್ರಿ. ಇವತ್ತರೆ ಬಿಡ್ರಿ" ಅಂದ ಲೂಕ.

"ಆ ಕಾಲು ಸಡ್ಲ ಅದ. ಹ್ಯಾಂಗ ಹಿಡೀಬೇಕಂತ ನನಗ ಗೊತ್ತದ" ಎಂದು ಸುಸನ್ನಾ ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬೆಂಚಿಗೆ ಕೈ ಹಚ್ಚಿದಳು.

ಬೆಂಚು ಅಂಗಳದ ಬೇವಿನ ಮರದ ಕೆಳಗೆ ಹೋಯಿತು. ಅದು ಇದ್ದ ಜಾಗದಲ್ಲಿ, ಎರಡು ಸ್ಟೂಲುಗಳ ಮೇಲೆ, ಮೋಶೆಯ ಶವಪೆಟ್ಟಿಗೆ ಬಂದು ಕೂತಿತು. ಆ ಎರಡು ಸ್ಟೂಲುಗಳ ಮೇಲೆಯೇ ಇಪ್ಪತ್ತು ವರ್ಷ ಗಂಡ ಹೆಂಡತಿ ಕೂತು ಕೆಲಸ ಮಾಡಿದ್ದರು. ಮಕ್ಕಳಿರಲಿಲ್ಲ.

ದವಾಖಾನೆಯವರು ಅವನ ಬಲಗೈಗೆ ಬಟ್ಟೆ ಸುತ್ತಿ ಕಳಿಸಿದ್ದರು. ಪಕ್ಕದ ಮನೆಯ ಗಿರಿಜಾಬಾಯಿ ಅದನ್ನೇ ನೋಡುತ್ತಿದ್ದಳು.

"ನಮ್ಮ ಮನ್ಯಾಗಿನ ಮಿಕ್ಸರ್ ಮುಟ್ಟೂ ಮೊದಲ ಮೂರು ಸಲ ಪ್ಲಗ್ ನೋಡ್ತಿದ್ದ ಈ ಮನಷ್ಯಾ" ಅಂದಳು. "ನಮ್ಮ ಯಜಮಾನ್ರು, 'ಮೋಶೆಪ್ಪ, ಅದು ನಾಯಿ ಅಲ್ಲೋ, ಕಚ್ಚಲ್ಲ' ಅಂತ ನಗ್ತಿದ್ರು. ಅಂಥಾವ ಹ್ಯಾಂಗ ಕರೆಂಟಿಗಿ ಕೈ ಕೊಟ್ಟ?"

"ಅಂವ ಕೊಡಲಿಲ್ಲರಿ. ಕೊಡಿಸಿದ್ರು" ಅಂದ ಲೂಕ.

ಅಷ್ಟರಲ್ಲಿ ಅಂಗಳದಲ್ಲಿ ಮೋಟಾರ್‌ಸೈಕಲ್ ನಿಂತಿತು. ಪೊಲೀಸ್ ಗೋರಖನಾಥ ಟೊಪ್ಪಿಗೆ ತೆಗೆದು, ಬೂಟು ಬಿಚ್ಚಿ ಒಳಗೆ ಬಂದ. ಪೆಟ್ಟಿಗೆಗೆ ಕೈ ಮುಗಿದ. ಅವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು.

"ಸುಸನ್ನಾಬಾಯಿ, ಈ ಹೊತ್ತಿನಾಗ ಬರಬಾರದಿತ್ತು. ಸಾಹೇಬ್ರು ಕಾಗದ ಕೇಳ್ಯಾರ. ಇದು ಆ ವಾಡಿ ಬೋರಿನ ಡಬ್ಬಿಯೊಳಗಿನ ಕಾರ್ಡು. ಬರೋಬ್ಬರಿ ಅದನೋ ಇಲ್ಲೋ ಅಂತ ತಿಳಿದವರು ಯಾರರೆ ಬರದು ಕೊಡಬೇಕು. ಬೀದರಿನಾಗ ಕೇಳಿದೆ, ಇಲ್ಲಿ ಕೇಳಿದೆ, ಎಲ್ಲಾರೂ ಒಂದ ಹೆಸರು ಹೇಳಿದ್ರು." ಅವನು ಪೆಟ್ಟಿಗೆಯ ಕಡೆ ನೋಡಿದ. "ಅಂವಂತೂ ಹೋದ. ಇನ್ನ ನೀವ ಉಳದೀರಿ."

"ಬರಿಯೂದು ಏನದ ಅದರಾಗ?" ಎಂದ ಲೂಕ. ಬೀದರಿನಲ್ಲಿ ಸಾಲಿ ಮಾಸ್ತರನಾಗಿದ್ದ ಅವನು ಜೇಬಿನಿಂದ ಮಡಿಚಿದ ಹಾಳೆ ತೆಗೆದ. "ನಾ ಬರದಿಟ್ಟೇನಿ. 'ಕಾರ್ಡಿನಲ್ಲಿ ಯಾವುದೇ ದೋಷವಿಲ್ಲ.' ವೈನಿ ಸಹಿ ಮಾಡಿದ್ರ ಆತು. ಅಣ್ಣನ ಡಬ್ಬಿ ಲೈಟ್ ಬಂದ ಮ್ಯಾಲ ಮೂರು ಮಿನಿಟ ಮೋಟಾರ ಚಾಲೂ ಮಾಡಲ್ಲ. ಭಾಲ್ಕಿ, ಔರಾದ, ಯಾವ ಹಳ್ಳಿ ಸಣ್ಣ ಕೂಸಿಗಿ ಕೇಳ್ರಿ, ಹೇಳ್ತದ. ಅಲ್ಲಿ ನೀರು ಬಿಡೂ ಉಸ್ಮಾನ ಮಿಯಾ ಬಟನ್ ಒತ್ಯಾನ. ನೀರಿಗಿ ಅವಸರ ಮಾಡ್ಯಾನ."

"ಅಂವ ಏನಂತಾನ?" ಸುಸನ್ನಾ ಕೇಳಿದಳು.

"ಠಾಣ್ಯಾಗ ಎರಡು ದಿನದಿಂದ ಒಂದ ಮಾತು" ಅಂದ ಗೋರಖನಾಥ. "ಮೋಶೆಪ್ಪ ಬೋರಿನ ಬಾಯಿಗಿ ಕೂತು ಕೇಬಲ್ ಜೋಡಸ್ಲಾಕತ್ತಿದ್ದ. ಲೈಟ್ ಇದ್ದಿಲ್ಲ. ಡಬ್ಬಿ ಕಡಿ ಉಸ್ಮಾನನ್ನ ನಿಲ್ಲಸಿದ್ದ, ಲೈಟ್ ಬಂದ್ರ ಕೂಗು ಅಂತ. ಲೈಟ್ ಬಂತು, ಇಂವ ಕೂಗಿದ. ಅಂವ 'ಹೂಂ, ಇನ್ನೊಂದು ಸುತ್ತು ಟೇಪ' ಅಂದ, ಏಳಲಿಲ್ಲ. ಅಷ್ಟರಾಗ ಡಬ್ಬಿ ತಾನ ಹತ್ತಿತು ಅಂತಾನ. ಹದಿನೈದು ದಿನ ಆತು ಅದು ಲಗುನ ಹತ್ಲಾಕತ್ತದ ಅಂತಾನ. ವಾಡಿ ಹೆಣಮಕ್ಕಳಿಗಿ ಕೇಳಿದ್ರ, 'ನಮಗ ಮಾಲೂಮಿಲ್ಲ' ಅಂತಾರ. ಟ್ರಾನ್ಸ್‌ಫಾರ್ಮರ್ ಫ್ಯೂಜ್ ತೆಗದಾರ, ಅಲ್ಲಿ ಹಚ್ಚಿ ನೋಡ್ಲಾಕ ಲೈಟ್ ಇಲ್ಲ."

"ಸುಳ್ಳು ಅದು" ಅಂದ ಲೂಕ. "ನಾಕು ಗಂಟೆಕ್ಕ ಮಣ್ಣು. ಅದಕ್ಕ ಮೊದಲ ಸಹಿ ಆಗ್ಲಿ, ವೈನಿ. ಅಣ್ಣನ ಜೀವಕ್ಕ ಅಷ್ಟರೆ ಮಾಡೋಣ."

ಸುಸನ್ನಾ ಹಾಳೆಯನ್ನು ಮುಟ್ಟಲಿಲ್ಲ. ಚೀಲ ತೆಗೆದುಕೊಂಡಳು.

"ನೋಡದ ಹ್ಯಾಂಗ ಬರೀಲಿ?" ಅಂದು ಅಂಗಳಕ್ಕೆ ಹೋದಳು.

*

ಕೆಟ್ಟ ಕಾರ್ಡು ಕೈಗೆ ಬಂದರೆ ಮೋಶೆ ಮೊದಲು ಅದನ್ನು ಮೂಸುತ್ತಿದ್ದ. ಸುಟ್ಟ ರಿಲೇಗೆ ಒಂದು ವಾಸನೆ, ಒಡೆದ ಕಪಾಸಿಟರಿಗೆ ಇನ್ನೊಂದು. ಆಮೇಲೆ ಬಣ್ಣದ ಬ್ರಷ್ಷಿನಿಂದ ಧೂಳು ಸರಿಸುವುದು, ಇರುವೆಗಳನ್ನು ಕೊಡವುವುದು. ಅದೆಲ್ಲ ಮುಗಿದ ಮೇಲೆ ಮೀಟರು. ಒಮ್ಮೆ ಔರಾದ ಕಡೆಯ ರೈತನೊಬ್ಬ ತನ್ನ ಡಬ್ಬಿಗೆ ದಾಯಾದಿಗಳು ಮಾಟ ಮಾಡಿಸಿದ್ದಾರೆಂದು ಹೊತ್ತು ತಂದಿದ್ದ. ಮೋಶೆ ಒಳಗಿನಿಂದ ಒಣಗಿದ ಹಲ್ಲಿಯೊಂದನ್ನು ಚಿಮಟದಲ್ಲಿ ಹಿಡಿದು ತೆಗೆದು, "ನಿಮ್ಮ ದಾಯಾದಿ ಭಾಳ ಸಣ್ಣಾವ ಇದ್ದಾನಲ್ರಿ" ಅಂದಿದ್ದ. ಅವನು ಮಾಡಿದ ಹಾಸ್ಯಗಳು ಕಡಿಮೆ. ಆದ್ದರಿಂದ ಸುಸನ್ನಾಳಿಗೆ ಎಲ್ಲವೂ ನೆನಪಿದ್ದವು.

ಅವನು ಬೀದರಿನಲ್ಲಿ ಮೋಟಾರಿನ ಕಾಯಿಲ್ ಸುತ್ತುವ ಕೆಲಸದಿಂದ ಬಂದವನು. ಅವಳು ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ ಬಿಟ್ಟವಳು. ಸ್ಟಾರ್ಟರುಗಳೊಳಗೆ ಎಲೆಕ್ಟ್ರಾನಿಕ್ ಚಿಪ್ಪುಗಳು ಬಂದಾಗ ಕಂಪನಿಯವರು ರಿಪೇರಿ ಇಲ್ಲ, ಹೊಸದು ಹಾಕಿಸಿ ಅನ್ನುತ್ತಿದ್ದರು. ಮೋಶೆ ಸತ್ತ ಕಾರ್ಡುಗಳನ್ನು ತಂದು ಬೆಂಚಿನ ಮೇಲೆ ಸಾಲಾಗಿ ಇಟ್ಟ. ಚಿಪ್ಪಿನ ಬಗ್ಗೆ ಛಾಪಿಸಿದ ಇಂಗ್ಲಿಷ್ ಹಾಳೆಗಳನ್ನು ಸುಸನ್ನಾ ಓದಿ ಅರ್ಥ ಹೇಳಿದಳು. ಯಾವ ಕಾಲಿಗೆ ಐದು ವೋಲ್ಟು ಬರಬೇಕು, ಯಾವ ಕಾಲು ಅಲುಗಿದರೆ ಎಲ್ಲ ಮೊದಲಿನಿಂದ ಶುರುವಾಗುತ್ತದೆ ಎಂದು. ಅವನು ಚರ್ಚಿನ ಸಭೆಯಲ್ಲಿ ವಾಕ್ಯ ಕೇಳುವಂತೆ ತಲೆ ಬಾಗಿಸಿ ಕೇಳುತ್ತಿದ್ದ. ಎರಡು ವರ್ಷಕ್ಕೆ ಅವರದೇ ಕಾರ್ಡು ತಯಾರಾಯಿತು. ಬೆಸುಗೆ ಹಾಕುವುದು, ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿ ಚಿಪ್ಪಿನೊಳಗೆ ಬರೆಯುವುದು ಅವಳದು. ಊರೂರು ತಿರುಗಿ ಕೂರಿಸುವುದು ಅವನದು.

ಮೂರು ಮಿನಿಟಿನ ನಿಯಮ ಅವನದೇ. ಕರೆಂಟು ಹೋದಾಗ ಆರುನೂರು ಅಡಿ ಪೈಪಿನೊಳಗಿನ ನೀರು ಕೆಳಗೆ ಸುರಿಯುತ್ತದೆ. ಆ ನೀರಿಗೆ ಪಂಪು ಹಿಂದಕ್ಕೆ ತಿರುಗುತ್ತದೆ. ಅದು ನಿಲ್ಲುವ ಮೊದಲೇ ಕರೆಂಟು ಬಂದು ಮೋಟಾರು ಹತ್ತಿದರೆ ಶಾಫ್ಟು ಮುರಿಯುತ್ತದೆ. ಮೋಶೆ ಪೈಪಿಗೆ ಕಿವಿ ಹಚ್ಚಿ, ನೀರು ಇಳಿದು ಸದ್ದು ಅಡಗುವವರೆಗೆ ಗಡಿಯಾರ ಹಿಡಿದು ಅಳೆದಿದ್ದ. ಎರಡು ಮಿನಿಟು ಸಾಕಿತ್ತು. ಅವನು ಮೂರು ಇಡು ಅಂದ.

"ಇನ್ನೊಂದು ಮಿನಿಟ ಯಾಕ?" ಎಂದು ಅವಳು ಕೇಳಿದ್ದಳು.

"ಮಂದಿ ಕೈಗಿ" ಅಂದಿದ್ದ. "ಹಳ್ಳ್ಯಾಗ ಫ್ಯೂಜ್ ಎಲ್ಲಿರ್ತಾವ? ನೇರ ತಂತಿ ಸುತ್ತಿರ್ತಾರ. ಲೈಟ್ ಇಲ್ಲಂತ ಕೈ ಹಾಕ್ತಾರ. ಎಷ್ಟು ಹೇಳಿದ್ರೂ ಕೇಳಲ್ಲ. ಕೈ ತೆಗೀಲಾಕರೆ ಟೈಮ ಕೊಡೋಣ."

ಹಾಗೆ ಚಿಪ್ಪಿನೊಳಗೆ ನೂರಾ ಎಂಬತ್ತು ಎಂಬ ಸಂಖ್ಯೆ ಹೋಯಿತು. ಕರೆಂಟು ಬಂದೊಡನೆ ಹಳದಿ ದೀಪ ಮಿನುಗುವುದು, ನೂರಾ ಎಂಬತ್ತು ಸೆಕೆಂಡು ಎಣಿಸಿದ ಮೇಲೆ ಮೋಟಾರು ಹತ್ತುವುದು. ಚಹಾದ ಅಂಗಡಿಯಲ್ಲಿ ಜನ ಅವನಿಗೆ ಮೂರು ಮಿನಿಟಿನ ಮೋಶೆ ಎಂದು ಹೆಸರಿಟ್ಟರು. "ಏನರೆ ಕೇಳಿದ್ರ ತಡೀರಿ, ಈಗ ಹಳದಿ ಲೈಟ್ ಹತ್ಯಾದ, ಮೂರು ಮಿನಿಟಿಗಿ ಬಾಯಿ ಬಿಡ್ತಾನ" ಅನ್ನುತ್ತಿದ್ದರು. ಅವನು ಸಿಟ್ಟಾಗುತ್ತಿರಲಿಲ್ಲ.

ಬೇರೆಯವರ ಕೈಗಾಗಿ ಇಟ್ಟ ಆ ಸಮಯವನ್ನು ವರ್ಷಗಳು ಕಳೆದಂತೆ ಅವನೂ ಬಳಸತೊಡಗಿದ. ಕೆಲಸ ಹೆಚ್ಚಿತ್ತು, ಬೋರುಗಳು ಒಂದರ ಹಿಂದೆ ಒಂದು ಕೆಡುತ್ತಿದ್ದವು, ಊರುಗಳು ನೀರಿಗೆ ಕಾದು ನಿಂತಿರುತ್ತಿದ್ದವು. ಮೋಟಾರಿನ ಕಡೆಯ ತಂತಿ ಮುಟ್ಟುವಾಗ ಅವನು ಈಗೀಗ ಫ್ಯೂಜು ಹುಡುಕಿ ತೆಗೆಯುತ್ತಿರಲಿಲ್ಲ. ಡಬ್ಬಿಯ ಹತ್ತಿರ ಯಾರನ್ನಾದರೂ ನಿಲ್ಲಿಸಿ, "ಲೈಟ್ ಬಂದ್ರ ಕೂಗು" ಅನ್ನುತ್ತಿದ್ದ. ಕೂಗಿದ ಮೇಲೂ ಎರಡು ಸುತ್ತು ಟೇಪು ಸುತ್ತಿಯೇ ಏಳುತ್ತಿದ್ದ. ಇದು ಸುಸನ್ನಾಳಿಗೆ ಗೊತ್ತಿರಲಿಲ್ಲ.

*

ಬೆಂಚಿನ ಮುಂದೆ ಅವಳು ಕಾರ್ಡನ್ನು ಹಿಡಿದು ನಿಂತಿದ್ದಾಗ ಟಂಟಂ ಆಟೋ ಒಂದು ಬಂದು ನಿಂತಿತು. ಅದರಿಂದ ಶಾಲುಬಾಯಿ ಇಳಿದಳು, ಹಿಂದೆ ಇನ್ನಿಬ್ಬರು ಹೆಂಗಸರು. ಮೆಹಕರ ದಾಟಿದ ಮೇಲೆ ಬರುವ ಆ ವಾಡಿಯವರು ಅವರು, ಮೋಶೆ ಸತ್ತ ವಾಡಿ. ಒಳಗೆ ಹೋಗಿ ಪೆಟ್ಟಿಗೆಯ ಮುಂದೆ ಎದೆ ಬಡಿದುಕೊಂಡು ಅತ್ತರು. ಅಳು ಮುಗಿಸಿ ಶಾಲುಬಾಯಿ ಹೊರಗೆ ಬಂದು ಬೆಂಚಿಗೆ ಆತು ನಿಂತಳು.

"ಪೊಲೀಸ ಯಾಕ ಬಂದಾನ?"

"ಇದು ಬರೋಬ್ಬರಿ ಅದ ಅಂತ ಬರಕೊಡಬೇಕಂತ."

"ಬರಕೊಡು ಮತ್ತ."

ಸುಸನ್ನಾ ಅವಳ ಮುಖ ನೋಡಿದಳು. "ಉಸ್ಮಾನ ಮಿಯಾಂದು?"

"ಮುದುಕ ಇದ್ದಾನ. ಎರಡು ದಿನ ಕೂಡಸ್ತಾರ, ಬಿಡ್ತಾರ."

"ಬಿಡಲ್ಲ ಶಾಲು. ಲೂಕ ಬಿಡಸಗೊಡಲ್ಲ."

ಶಾಲುಬಾಯಿ ದನಿ ತಗ್ಗಿಸಿದಳು. "ಅಕ್ಕಾ, ನಾ ನಿನ್ನ ಕಾಲ ಹಿಡೀತೇನಿ. ಹೇಳಿದ್ರ ಈ ಕಾರ್ಡು ತೆಗೀತಾರ. ಮತ್ತ ಮೂರು ಮಿನಿಟಿಂದು ಹಾಕ್ತಾರ. ಹದಿನೈದು ದಿನ ನಮ್ಮ ಮಕ್ಕಳು ಹೊಟ್ಟಿ ತುಂಬ ನೀರು ಕುಡದಾವ. ನಿನ್ನ ಹೆಸರು ಯಾರೂ ಹೇಳಲ್ಲ. ನಾವೆಲ್ಲಾ ಬಾಯಿಗಿ ಬೀಗ ಹಾಕ್ಕೊಂಡೀವಿ. ಹೋದಾವ ಅಂತೂ ತಿರುಗಿ ಬರಲ್ಲ. ನೀನ್ಯಾಕ ಗಂಡನ್ನ ಕೊಂದಾಕಿ ಅನಸ್ಕೋತಿ?"

ಆ ಕೊನೆಯ ಮಾತು ಅವಳ ಬಾಯಿಯಿಂದ ತಾನಾಗಿ ಬಿದ್ದಿತ್ತು.

*

ಹದಿನೈದು ದಿನದ ಹಿಂದೆ ಇದೇ ಶಾಲುಬಾಯಿ ಏಳೆಂಟು ಹೆಂಗಸರನ್ನು ಕರೆದುಕೊಂಡು ಅಂಗಡಿಗೆ ಬಂದಿದ್ದಳು. ಅವರ ಗಂಡಂದಿರು ಯಾರೂ ಊರಲ್ಲಿರಲಿಲ್ಲ. ವಾಡಿಯ ಡಬ್ಬಿಯ ರಿಲೇ ಹೋಗಿತ್ತು. ಕಾರ್ಡನ್ನು ಬಿಚ್ಚಿ ಸೆರಗಿನಲ್ಲಿ ಕಟ್ಟಿ ತಂದಿದ್ದರು.

"ಮೋಶೆಪ್ಪಣ್ಣ, ರಿಪೇರಿ ಮಾಡೂದು ಮಾಡ್ತಿ, ಆ ಮೂರು ಮಿನಿಟ ಜರಾ ಕಮ್ಮಿ ಮಾಡು" ಎಂದು ಕೇಳಿದಳು. "ದಿನಕ್ಕ ಎರಡು ತಾಸು ಲೈಟ್ ಅಂತ ಬರೇ ಹೆಸರು. ಅಷ್ಟರಾಗ ಹತ್ತು ಹದಿನೈದು ಸಲ ಹೋಗ್ತದ. ಪ್ರತಿ ಸಲ ನಿನ್ನ ಡಬ್ಬಿ ಎಣಸ್ಕೋತ ಕೂಡ್ತದ. ಎಣಿಕಿ ಮುಗಿಯೂದ್ರಾಗ ಲೈಟ್ ಮತ್ತ ಹೋಗ್ತದ. ಸೋಮವಾರ ಒಂದು ಕೊಡ ತುಂಬಿಲ್ಲ ಯಾರ ಮನ್ಯಾಗೂ."

"ಅದು ಆಗಲ್ಲಮ್ಮ" ಅಂದ ಮೋಶೆ.

"ಯಾಕಾಗಲ್ಲ? ನೀನ ಹಾಕಿದ್ದಲ್ಲೇನು?"

"ಹಾಕಿದ್ದಕ್ಕ ಆಗಲ್ಲ."

ಮರುದಿನ ಮೋಶೆ ಮೂರು ದಿನದ ಕೆಲಸಕ್ಕೆ ಔರಾದಿಗೆ ಹೋದ. ಸುಸನ್ನಾ ಹೊಸ ರಿಲೇ ಬೆಸೆದಳು. ಕಾರ್ಡನ್ನು ಕಂಪ್ಯೂಟರಿಗೆ ಸಿಕ್ಕಿಸಿ ಬಹಳ ಹೊತ್ತು ಕೂತಳು. ಹಿಂದಿನ ವರ್ಷ ಆ ಬೋರಿನ ಪೈಪಿಗೆ ಮೋಶೆಯೇ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್ ಕೂರಿಸಿದ್ದ. ನೀರು ಕೆಳಗಿಳಿಯುವುದಿಲ್ಲ, ಪಂಪು ಹಿಂದಕ್ಕೆ ತಿರುಗುವುದಿಲ್ಲ, ಶಾಫ್ಟು ಮುರಿಯುವುದಿಲ್ಲ. ಅವಳು ಕಾಗದದ ಮೇಲೆ ಎರಡು ಸಲ ಲೆಕ್ಕ ಮಾಡಿ ನೋಡಿದಳು. ಹತ್ತು ಸೆಕೆಂಡು ಸಾಕಿತ್ತು. ಪೈಪಿನ ಮಟ್ಟಿಗೆ ಆ ಲೆಕ್ಕ ಸರಿಯಾಗಿಯೇ ಇತ್ತು. ಇನ್ನೊಂದು ಮಿನಿಟು ಯಾತಕ್ಕೆಂದು ಅವನು ಹೇಳಿದ್ದು ಅವಳಿಗೆ ಅಂದು ನೆನಪಾಗಲಿಲ್ಲ.

ನೂರಾ ಎಂಬತ್ತನ್ನು ಅಳಿಸಿ ಹತ್ತು ಬರೆದಳು. ಮಳೆ ಬಿದ್ದ ಮೇಲೆ ಕಾರ್ಡನ್ನು ತರಿಸಿ ಮೊದಲಿನಂತೆ ಮಾಡಿ, ಆಮೇಲೆ ಅವನಿಗೆ ಹೇಳುವುದು ಎಂದುಕೊಂಡಳು. ಶಾಲುಬಾಯಿಗೆ ಕಾರ್ಡು ಕೊಡುವಾಗ, "ನಿಮ್ಮ ಅಣ್ಣಗ ಹೇಳಬ್ಯಾಡ್ರಿ" ಅಂದಳು.

ಮೊನ್ನೆ ಬೆಳಿಗ್ಗೆ ಅವಳು ಟ್ಯಾಂಕರಿನ ಸಾಲಿನಲ್ಲಿ ನಿಂತಿದ್ದಾಗ ಮೋಶೆ ವಾಡಿಗೆ ಹೊರಟುಹೋಗಿದ್ದ. ಮನೆಗೆ ಬಂದು, ಅವನು ವಾಡಿಗೆ ಕೇಬಲ್ ಕೆಲಸಕ್ಕೆ ಹೋದನೆಂದು ಗಿರಿಜಾಬಾಯಿಯಿಂದ ಕೇಳಿದೊಡನೆ ಫೋನು ಹಚ್ಚಿದಳು. ಫೋನು ಬೆಂಚಿನ ಮೇಲೆಯೇ, ಮೀಟರಿನ ಹಿಂದೆ ಬಡಿದುಕೊಂಡಿತು. ಕೇಬಲ್ ಕೆಲಸವಷ್ಟೇ, ಫ್ಯೂಜು ಕಿತ್ತೇ ಕೈ ಹಾಕುತ್ತಾನೆ, ಎಂದು ತನಗೆ ತಾನೇ ಹೇಳಿಕೊಂಡು ಅವಳು ಹಿಟ್ಟು ನಾದಲು ಕೂತಳು.

*

"ಏನಾತ್ರಿ?" ಗೋರಖನಾಥ ಅಂಗಳಕ್ಕೆ ಬಂದ. ಅವನ ಹಿಂದೆ ಲೂಕ, ಗಿರಿಜಾಬಾಯಿ, ಕೋಲೂರಿಕೊಂಡು ಇಬ್ಬರು ಮುದುಕರು. ಪಾಸ್ಟರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡರು.

ಬೆಂಚಿನ ಕೆಳಗಿನಿಂದ ಸುಸನ್ನಾ ಒಂದು ಹಲಗೆ ಎಳೆದಳು. ಮೂರು ಫೇಜು ಕರೆಂಟು ಬಂದಿದೆ ಎಂದು ಕಾರ್ಡನ್ನು ನಂಬಿಸಲು ಮೋಶೆ ಮಾಡಿಕೊಂಡಿದ್ದ ಹಲಗೆ ಅದು. ಬ್ಯಾಟರಿ ಜೋಡಿಸಿ, ಕಾರ್ಡನ್ನು ಸಿಕ್ಕಿಸಿದಳು.

"ಗಡಿಯಾರ ನೋಡ್ರಿ ಗೋರಖನಾಥಣ್ಣ. ಹಳದಿ ಲೈಟ್ ಹತ್ತಿದ್ದು ಹಿಡದು ಎಣಸ್ರಿ."

ಸ್ವಿಚ್ಚು ಒತ್ತಿದಳು. ಹಳದಿ ದೀಪ ಮಿನುಗಿತು. ಬೇವಿನ ಮರದಲ್ಲಿ ಕಾಗೆಯೊಂದು ರೆಕ್ಕೆ ಸರಿಪಡಿಸಿಕೊಂಡಿತು. ಕಾರ್ಡಿನೊಳಗೆ ಟಕ್ ಎಂದು ಸದ್ದಾಗಿ ಹಸಿರು ದೀಪ ಹತ್ತಿತು.

"ಎಷ್ಟಾತು?"

ಗಡಿಯಾರ ನಿಂತಿದೆಯೇನೋ ಎಂದು ಗೋರಖನಾಥ ಅದನ್ನು ಕಿವಿಗೆ ಹಿಡಿದು ನೋಡಿದ. "ಹತ್ತು."

"ಮತ್ತೊಮ್ಮಿ ನೋಡ್ರಿ."

ಮತ್ತೆ ಹತ್ತು. ಮೂರನೆಯ ಸಲಕ್ಕೆ ಗಿರಿಜಾಬಾಯಿಯೂ ಸಣ್ಣಗೆ ಬಾಯಲ್ಲಿ ಎಣಿಸುತ್ತಿದ್ದಳು. ಎಂಟು, ಒಂಬತ್ತು, ಹತ್ತು, ಟಕ್.

"ಅಂದ್ರ ಉಸ್ಮಾನ ಹೇಳಿದ್ದು ಖರೆ" ಅಂದ ಗೋರಖನಾಥ. ಅವನ ಮುಖ ಸ್ವಲ್ಪ ಹಗುರಾಯಿತು. "ಕಾರ್ಡ ಕೆಟ್ಟದ. ಮಶೀನ ಅಂದ ಮ್ಯಾಲ ಕೆಡ್ತದ, ಯಾರದೂ ಕಸೂರಿಲ್ಲ. 'ಕಾರ್ಡು ಕೆಟ್ಟು ತಾನೇ ಚಾಲೂ ಆಗಿದೆ' ಅಂತ ಬರ್ಕೊಳ್ಳೇನು?"

ಶಾಲುಬಾಯಿ ದೂರದಿಂದ ತಲೆ ಆಡಿಸಿದಳು, ಹೂಂ ಅನ್ನು ಅನ್ನುವಂತೆ.

ಅದೊಂದು ಮಾತು ಸಾಕಿತ್ತು. ಮುದುಕ ಮನೆಗೆ ಹೋಗುತ್ತಿದ್ದ, ಅವಳ ಹೆಸರು ಎಲ್ಲಿಯೂ ಬರುತ್ತಿರಲಿಲ್ಲ. ಮೋಶೆ ಮಾಡಿದ ಕಾರ್ಡು ಕೆಟ್ಟು ಮೋಶೆಯನ್ನು ಕೊಂದಿತು ಎಂದು ಮಾತ್ರ ಉಳಿಯುತ್ತಿತ್ತು. ಸುಸನ್ನಾ ತೆರೆದ ಬಾಗಿಲಿನೊಳಗೆ ನೋಡಿದಳು. ಪೆಟ್ಟಿಗೆಯ ತುದಿ ಕಾಣುತ್ತಿತ್ತು.

"ಕಾರ್ಡ ಕೆಟ್ಟಿಲ್ಲ" ಅಂದಳು. "ಹೇಳಿದಂಗ ಕೇಳ್ಲಾಕತ್ತದ. ಅವರು ಹೇಳಿದ್ದು ನೂರಾ ಎಂಬತ್ತು. ಅದನ್ನ ಅಳಿಸಿ ಹತ್ತು ಅಂತ ಹೇಳಿದಾಕಿ ನಾನು."

"ವೈನಿ, ನಿಮಗ ದುಃಖದಾಗ..." ಲೂಕ ಮುಂದೆ ಬಂದ.

"ದುಃಖಕ್ಕ ಅಂತಿಲ್ಲ ಲೂಕ. ಅವರು ಔರಾದಿಗಿ ಹೋದಾಗ ಮಾಡಿದೆ. ಹೆಣಮಕ್ಕಳು ನೀರಿಲ್ಲ ಅಂದ್ರು, ಮಾಡಿದೆ."

"ಅಣ್ಣಗ ಹೇಳಿದ್ರಿ?"

"ಇಲ್ಲ."

ಲೂಕ ಕೈಯಲ್ಲಿದ್ದ ಹಾಳೆಯನ್ನು ಮಡಿಚಿದ, ಮತ್ತೆ ಮಡಿಚಿದ, ಇನ್ನು ಮಡಿಚಲಾರದಷ್ಟು ಸಣ್ಣದಾಗುವ ತನಕ ಮಡಿಚಿದ. ಒಳಗೆ ಹೋಗಿ ಅಣ್ಣನ ತಲೆಯ ಬಳಿ ಕೂತ. ಗೋರಖನಾಥ ಪೆನ್ನು ತೆಗೆದ. ಅವಳು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡು ಸಹಿ ಹಾಕಿಸಿಕೊಂಡ. ಕಾರ್ಡನ್ನು ಚೀಲಕ್ಕೆ ಹಾಕಿ ಗಂಟು ಕಟ್ಟಿ, ಠಾಣೆಗೆ ಫೋನು ಮಾಡಿ ಮುದುಕನನ್ನು ಬಿಡಲು ಹೇಳಿದ.

"ನಾಳಿಗಿ ನಿಮ್ಮನ್ನ ಕರೀಬೇಕಾಗ್ತದ ಬಾಯಿ."

"ಬರ್ತೇನಿ."

ಪೆಟ್ಟಿಗೆ ಎತ್ತುವ ಹೊತ್ತಿಗೆ ಹೆಗಲುಗಳು ಕಡಿಮೆ ಬಿದ್ದವು. ಲೂಕ ಮತ್ತು ಇಬ್ಬರು ಮುದುಕರು ಮೂರು ಮೂಲೆ ಹಿಡಿದರು. ನಾಲ್ಕನೆಯದನ್ನು ಗೋರಖನಾಥ ಖಾಕಿ ಅಂಗಿಯಲ್ಲೇ ಹೆಗಲಿಗೆ ಏರಿಸಿಕೊಂಡ. ಬೆಳಗಿನಿಂದ ಸುಸನ್ನಾಳ ತೋಳು ಹಿಡಿದುಕೊಂಡೇ ಇದ್ದ ಗಿರಿಜಾಬಾಯಿ ಈಗ ಹೆಂಗಸರ ಹಿಂದಿನ ಸಾಲಿಗೆ ಸರಿದಿದ್ದಳು. ಗೀತೆಯ ಎರಡು ಚರಣಗಳ ನಡುವೆ ಅವಳ ದನಿ ಕೇಳಿಸಿತು: "ಓದಿದಾಕಿ ಇದ್ದಳಲ್ಲ. ಓದಿದಾಕಿನ ಹಿಂಗ ಮಾಡಿದ್ರ?"

ಸ್ಮಶಾನದ ಕರಿಮಣ್ಣು ಒಣಗಿ ಹೆಂಟೆಯಾಗಿತ್ತು. ಪಾಸ್ಟರು ಪ್ರಾರ್ಥನೆ ಮುಗಿಸಿ ಸುಸನ್ನಾಳಿಗೆ ದಾರಿ ಬಿಟ್ಟರು. ಅವಳು ಬಗ್ಗಿ ತೆಗೆದದ್ದು ಹಿಡಿ ಮಣ್ಣಾಗಲಿಲ್ಲ, ಕಲ್ಲಿನಂಥ ಉಂಡೆ. ಪೆಟ್ಟಿಗೆಯ ಮೇಲೆ ಅದನ್ನು ಬಿಡಲು ಮನಸ್ಸಾಗದೆ ನಿಂತಳು. ಲೂಕ ಒಂದು ಹೆಂಟೆಯನ್ನು ಹಿಮ್ಮಡಿಯಿಂದ ಒಡೆದು, ಪುಡಿ ಬಳಿದು ಅವಳ ಅಂಗೈಗೆ ಸುರಿದ. ಅವಳ ಮುಖ ನೋಡಲಿಲ್ಲ.

ಗೇಟಿನ ಹೊರಗೆ ಟಂಟಂ ಕಾದಿತ್ತು.

"ಹೇಳಿದಿ" ಅಂದಳು ಶಾಲುಬಾಯಿ. "ನಿನ್ನ ದೇವರಿಗಿ ಚಲೋ ಆತು. ಈಗ ನಮ್ಮ ನೀರು?"

"ಮನ್ಯಾಗ ಅವರು ತೆಗದಿಟ್ಟ ಮೂರು ಮಿನಿಟಿನ ಕಾರ್ಡ ಇನ್ನೊಂದದ. ನಡಿ."

"ಇವತ್ತ?"

"ನಾಳಿಗಿ ನನ್ನ ಬಿಡ್ತಾರೋ ಇಲ್ಲೋ."

*

ವಾಡಿಗೆ ಮುಟ್ಟಿದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಮೆಹಕರದಿಂದ ಆಚೆ ರಸ್ತೆಯ ಎರಡೂ ಬದಿಗೆ ಹೊಲಗಳು ಬಿರುಕು ಬಿಟ್ಟಿದ್ದವು, ಮನೆಗಳಿಗೆ ಬೀಗ ಬಿದ್ದಿದ್ದವು. ಬೋರಿನ ಪಕ್ಕದ ತಗಡಿನ ಕೋಣೆಯ ಹೊಸ್ತಿಲಲ್ಲಿ ಉಸ್ಮಾನ ಮಿಯಾ ಕೂತಿದ್ದ. ಅವನ ಒಂದು ಕಣ್ಣು ಊದಿ ಮುಚ್ಚಿಕೊಂಡಿತ್ತು. ಅವಳನ್ನು ನೋಡಿ ಏಳಲು ಹೋಗಿ ಮತ್ತೆ ಕೂತ.

"ಕೂಗಿದೆ ಬಾಯಿ. ಖುದಾ ಕಸಮ್, ಜೋರಿಲೆ ಕೂಗಿದೆ. ಅಂವ ಹೂಂ ಅಂದ."

"ಗೊತ್ತದ."

"ಲಗುನ ಹತ್ತತದ ಅಂತ ಅಂವಗ ಮಾಲೂಮ ಅದ ಅಂದ್ಕೊಂಡೆ. ಅಂವನ ಡಬ್ಬಿ ಅಲ್ಲೇನು? ಅಂವಗ ನಾ ಹ್ಯಾಂಗ ಹೇಳ್ಲಿ?"

"ಅವರಿಗಿ ನಾ ಹೇಳೂದಿತ್ತು. ನಾ ಹೇಳಲಿಲ್ಲ."

ಮುದುಕ ಕ್ಷಮಿಸಿದೆ ಎಂದೂ ಅನ್ನಲಿಲ್ಲ, ಇಲ್ಲವೆಂದೂ ಅನ್ನಲಿಲ್ಲ.

ಶಾಲುಬಾಯಿ ಕರೆಸಿದ ಲೈನ್‌ಮನ್ ಟ್ರಾನ್ಸ್‌ಫಾರ್ಮರ್ ಕಂಬದ ಬುಡದಲ್ಲಿ ಕೂತಿದ್ದ. ತೆಗೆದ ಫ್ಯೂಜುಗಳು ಅವನ ತೊಡೆಯ ಮೇಲಿದ್ದವು. ಅವು ಅಲ್ಲಿಯೇ ಇವೆ ಎಂದು ಎರಡು ಸಲ ನೋಡಿಕೊಂಡು ಸುಸನ್ನಾ ಬೋರಿನ ಬಾಯಿಯ ಹತ್ತಿರ ಕೂತಳು. ಕೇಬಲ್ಲಿನ ಮೂರು ತಂತಿಗಳಲ್ಲಿ ಎರಡಕ್ಕೆ ಟೇಪು ಬಿಗಿಯಾಗಿ ಸುತ್ತಿತ್ತು. ಮೂರನೆಯದಕ್ಕೆ ಅರ್ಧ ಸುತ್ತಿತ್ತು. ಟೇಪಿನ ಸುರುಳಿ ಇನ್ನೂ ಅದಕ್ಕೇ ಅಂಟಿಕೊಂಡು ಜೋತು ಬಿದ್ದಿತ್ತು. ಅವಳು ಅದನ್ನು ಬಿಚ್ಚಲಿಲ್ಲ. ಅವನು ನಿಲ್ಲಿಸಿದ ಕಡೆಯಿಂದಲೇ ಸುತ್ತುತ್ತ ಹೋದಳು. ಆಮೇಲೆ ಕೋಣೆಗೆ ಹೋಗಿ ಡಬ್ಬಿಯೊಳಗೆ ಕಾರ್ಡು ಕೂರಿಸಿ, ಮುಚ್ಚಳದ ನಾಲ್ಕೂ ತಿರುಪುಗಳನ್ನು ಹಾಕಿದಳು. ಲೈನ್‌ಮನ್ ಫ್ಯೂಜು ಹಾಕಿ ಸೈಕಲ್ಲು ಹತ್ತಿ ಹೋದ.

ಸುದ್ದಿ ಹರಡಿ ಹೆಂಗಸರು ಬಂದರು. ಪೈಪಿನ ಬಾಯಿಯಿಂದ ಬೇವಿನ ಕಟ್ಟೆಯವರೆಗೆ ಕೊಡಗಳ ಸಾಲು ಬೆಳೆಯಿತು. ಆರೂವರೆಗೆ ಕರೆಂಟು ಬಂತು. ಹಳದಿ ದೀಪ ಮಿನುಗತೊಡಗಿತು. ಉಸ್ಮಾನ ಮಿಯಾ ಕೂಗಲಿಲ್ಲ, ಕೈ ಎತ್ತಿ ತೋರಿಸಿದ.

ಶಾಲುಬಾಯಿ ಮೊದಲ ಕೊಡವನ್ನು ಪೈಪಿಗೆ ಹಿಡಿದಳು. ಸುಸನ್ನಾ ಬಾಗಿಲಲ್ಲಿ ನಿಂತು ದೀಪ ನೋಡುತ್ತ ಮನಸ್ಸಿನಲ್ಲಿ ಎಣಿಸಿದಳು. ಅರವತ್ತು. ಎಂಬತ್ತು. ಒಂದು ಮಗು ತಾಯಿಯ ಸೀರೆ ಎಳೆದು ಏನೋ ಕೇಳಿತು, ತಾಯಿ ಅದರ ಬಾಯಿ ಮುಚ್ಚಿದಳು. ನೂರಾ ಹತ್ತು. ನೂರಾ ನಲವತ್ತು. ಶಾಲುಬಾಯಿ ಕೊಡವನ್ನು ಇನ್ನೊಂದು ಕೈಗೆ ಬದಲಿಸಿದಳು. ನೂರಾ ಅರವತ್ತೆಂಟಕ್ಕೆ ಕರೆಂಟು ಹೋಗಿ ದೀಪ ಆರಿತು.

ಪೈಪು ಒಂದು ಹನಿಯೂ ಬಿಟ್ಟಿರಲಿಲ್ಲ. ಕೋಣೆಯೊಳಗೆ ಕತ್ತಲೆ ಕೂತಿತು.

ಯಾರಾದರೂ ಬೈಯುತ್ತಾರೆಂದು ಸುಸನ್ನಾ ಕಾದಳು. ಯಾರೂ ಬೈಯಲಿಲ್ಲ. ಶಾಲುಬಾಯಿ ತನ್ನ ಕೊಡವನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ಅವಳ ಹಿಂದಿನವಳು ತನ್ನದನ್ನು ಬೋರಲು ಹಾಕಿದಳು, ಅವಳ ಹಿಂದಿನವಳೂ. ಸಾಲು ಕಟ್ಟೆಯವರೆಗೆ ಹಾಗೆಯೇ ಒಬ್ಬೊಬ್ಬರಾಗಿ ಕೂರುತ್ತ ಹೋಯಿತು. ಕಡೆಗೆ ನಿಂತವಳು ಸುಸನ್ನಾ ಒಬ್ಬಳೇ; ಅವಳ ಹತ್ತಿರ ಕೊಡವಿರಲಿಲ್ಲ.